ಇಳಿಯದ ಜಾಡಿ

ಅಮ್ಮ ಸತ್ತು ಹತ್ತು ತಿಂಗಳಾಗಿದ್ದರೂ ಬೆರೆಸುವ ಕೋಣೆಯಲ್ಲಿ ಅವಳ ಸ್ಟೂಲಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ಮನೆಯಲ್ಲಿ ಇದ್ದವರಾದರೂ ಎಷ್ಟು ಜನ? ಅಪ್ಪ, ಮಗಳು, ಮುಗಿಯಿತು. ಮಗಳಿಗೆ ಮೂವತ್ತೆಂಟು ದಾಟಿದ್ದರೂ ಅಪ್ಪನ ಬಾಯಲ್ಲಿ ಅವಳಿನ್ನೂ ಪುಟ್ಟಿ. ಈ ಪುಟ್ಟಿ ಸ್ಟೂಲನ್ನು ಪಕ್ಕದಲ್ಲೇ ಇಟ್ಟುಕೊಂಡು, ಮಂಡಿ ಹಿಡಿದುಕೊಳ್ಳುವ ತನಕ ನಿಂತೇ ಕೆಲಸ ಮಾಡುತ್ತಿದ್ದಳು.

ಕತ್ತಾಳೆಯಿಂದ ಮೆಸ್ಕಾಲ್ ಎಂಬ ಮದ್ಯ ಇಳಿಸುವುದು ಅವರ ಮನೆತನದ ಕಸುಬು. ಯಂತ್ರ ಗಿಂತ್ರ ಏನಿಲ್ಲ. ಹನ್ನೆರಡು ವರ್ಷ ಬೆಳೆದ ಕತ್ತಾಳೆಯ ಎಲೆ ಸವರಿ, ಅದರ ಗಡ್ಡೆಯನ್ನು ನೆಲದ ಗುಂಡಿಯೊಳಗೆ ಕಾದ ಕಲ್ಲುಗಳ ಮೇಲೆ ನಾಲ್ಕು ದಿನ ಹೂತು ಬೇಯಿಸುವುದು ಅಪ್ಪನ ಕೆಲಸ. ಅದನ್ನು ಜಜ್ಜಿ, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುವುದು ಇಬ್ಬರದೂ. ಬೆರೆಸುವುದು ಮಾತ್ರ ಒಬ್ಬರದೇ. ಮೊದಲು ಇಳಿಯುವುದು ಮೂಗು ಸುಡುತ್ತದೆ, ನಡುವಿನದು ಮೆತ್ತಗಿರುತ್ತದೆ, ಕೊನೆಯದು ನೀರು ನೀರಾಗಿ ಹೊಗೆ ವಾಸನೆ ಹೊಡೆಯುತ್ತದೆ. ಮೂರನ್ನೂ ಎಷ್ಟೆಷ್ಟು ಸೇರಿಸಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಎತ್ತರದಿಂದ ಬಟ್ಟಲಿಗೆ ಸುರಿದಾಗ ಏಳುವ ಗುಳ್ಳೆಗಳು ಅಂಚಿನ ಸುತ್ತ ಒಡೆಯದೆ ನಿಂತರೆ ಕಸುವು ಸರಿಯಿದೆ ಎಂದು ಲೆಕ್ಕ. ರುಚಿ ಸರಿಯಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಕಪಾಟಿನಲ್ಲಿದ್ದ ಗಾಜಿನ ಜಾಡಿ.

ಅಮ್ಮ ಕೊನೆಯದಾಗಿ ಬೆರೆಸಿದ್ದು ಆ ಜಾಡಿಯಲ್ಲಿತ್ತು. ಹೊಸದನ್ನು ಬೆರೆಸಿದಾಗಲೆಲ್ಲ ಜಾಡಿಯದೊಂದು ಗುಟುಕು, ಹೊಸದೊಂದು ಗುಟುಕು ಬಾಯಿಗೆ ಹಾಕಿ ನೋಡಬೇಕು. ಎರಡೂ ಒಂದೇ ಆದರೆ ಪೀಪಾಯಿಗೆ ಮುದ್ರೆ ಒತ್ತಿ ಕಳಿಸುವುದು, ಇಲ್ಲದಿದ್ದರೆ ಇಲ್ಲ. ಅಮ್ಮನ ಈ ನಿಯಮವನ್ನು ಪುಟ್ಟಿ ಅಮ್ಮನಿಗಿಂತ ಒಂದು ಕೈ ಹೆಚ್ಚಾಗಿಯೇ ಪಾಲಿಸಿದಳು. ಹತ್ತು ತಿಂಗಳಲ್ಲಿ ಏಳು ಸಲ ಬೆರೆಸಿದಳು. ಮುದ್ರೆ ಇಲ್ಲದ ಏಳು ಪೀಪಾಯಿಗಳು ಗೋಡೆಗೆ ಒರಗಿ ನಿಂತಿದ್ದವು. ಪ್ರತಿ ಸಲವೂ ಜಾಡಿಯದನ್ನು ಬಾಯಿಗೆ ಹಾಕಿ, ಆಮೇಲೆ ತನ್ನದನ್ನು ಹಾಕಿದರೆ ಏನೋ ಕಮ್ಮಿ. ಆಗ ಸ್ಟೂಲಿನ ಕಡೆಯಿಂದ ಒಂದು ಸದ್ದು ಬರುತ್ತಿತ್ತು. ಒಪ್ಪಿಗೆಯಾಗದಿದ್ದಾಗ ಅಮ್ಮ ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಲೊಚ್ಚೆಂದು ಮಾಡುತ್ತಿದ್ದಳಲ್ಲ, ಅದೇ ಸದ್ದು. ಅದು ತನ್ನ ಭ್ರಮೆ ಎಂದು ಪುಟ್ಟಿಗೂ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ಸಲ ತಿರುಗಿ ನೋಡುತ್ತಿದ್ದಳು.

ಜಾಡಿಯದು ಮಾತ್ರ ಭ್ರಮೆಯಲ್ಲ. ಅಮ್ಮ ತೀರಿಕೊಂಡ ವಾರವೇ ಪುಟ್ಟಿ ಒಳಗಿದ್ದದ್ದು ಎಲ್ಲಿಯ ತನಕ ಬಂದಿದೆ ಎಂದು ನೋಡಿ ಹೊರಗಡೆ ಒಂದು ಚೂರು ಕಾಗದ ಅಂಟಿಸಿದ್ದಳು. ಮೊದಲ ಸಲ ರುಚಿ ನೋಡುವಾಗ ಹತ್ತಾರು ಗುಟುಕು ಖರ್ಚಾಗಿ ಮಟ್ಟ ಒಂದು ಬೆರಳು ಇಳಿದಿತ್ತು. ಮುಂದಿನ ತಿಂಗಳು ಕಪಾಟು ತೆಗೆದರೆ ಮತ್ತೆ ಕಾಗದಕ್ಕೆ ಸರಿಯಾಗಿ ನಿಂತಿದೆ! ತನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಬೇಕೆಂದೇ ಎರಡು ಬೆರಳು ಇಳಿಸಿದಳು. ಅದೂ ತುಂಬಿತು. ಅವತ್ತು ಅವಳಿಗೆ ಭಯವಾಯಿತು, ಜೊತೆಗೆ, ಸುಳ್ಳೇಕೆ ಹೇಳಬೇಕು, ಖುಷಿಯೂ ಆಯಿತು. ಅಮ್ಮ ಬಿಟ್ಟುಹೋಗಿಲ್ಲ. ಬಾಯಿ ಬಿಟ್ಟರೆ ಎಲ್ಲಿ ನಿಂತುಹೋಗುತ್ತದೋ ಎಂದು ಅಪ್ಪನಿಗೂ ಹೇಳಲಿಲ್ಲ. ಜಾಡಿಯ ಜೊತೆ ಮಾತಾಡತೊಡಗಿದಳು, ಅಷ್ಟೇ. ಇವತ್ತು ಹೊಗೆ ಜಾಸ್ತಿಯಾಯಿತಾ, ಕೊನೆಯದು ಒಂದು ಸೌಟು ಕಮ್ಮಿ ಮಾಡಲಾ ಎಂದೆಲ್ಲ ಕೇಳುವಳು. ಉತ್ತರ ಲೊಚ್ಚೆಂದು ಬರುವುದು.

ಇಷ್ಟರಲ್ಲಿ ಬೆಳೆದ ಗಿಡಗಳು ಮುಗಿದವು. ಹತ್ತು ಗಿಡದಲ್ಲಿ ಏಳನ್ನು ಕಡಿ, ಮೂರನ್ನು ಹೂವಿಗೆ ಬಿಡು ಎನ್ನುವುದು ಅಮ್ಮನ ಇನ್ನೊಂದು ನಿಯಮ. ಹೂವಿಗೆ ಬಾವಲಿ ಬರಬೇಕು, ಬೀಜ ಕಟ್ಟಬೇಕು, ಆ ಬೀಜದಿಂದ ಸಸಿ ಏಳಬೇಕು. ಇಲ್ಲದಿದ್ದರೆ ಇನ್ನೊಂದು ತಲೆಮಾರಿಗೆ ಬರೀ ನೆಲ ಉಳಿಯುತ್ತದೆ. ಈಗ ಉಳಿದಿದ್ದ ಬಲಿತ ಗಿಡಗಳೆಂದರೆ ಹಿತ್ತಲಿನಾಚೆ ಹಾಗೆ ಹೂವಿಗೆ ಬಿಟ್ಟವು ಮಾತ್ರ. ಮಿಕ್ಕವಕ್ಕೆ ಇನ್ನೂ ನಾಲ್ಕು ವರ್ಷ ಬೇಕು. ಬಿಟ್ಟ ಗಿಡಗಳಲ್ಲಿ ಹೂದಂಡು ಆಳೆತ್ತರ ಎದ್ದಾಗಿತ್ತು. ಮೊಗ್ಗು ಒಡೆದರೆ ಗಡ್ಡೆಯಲ್ಲಿನ ಸಿಹಿಯೆಲ್ಲ ಹೂವಿಗೇ ಹೋಗುತ್ತದೆ. ಕಡಿಯುವುದಾದರೆ ಈ ವಾರವೇ ಕಡಿಯಬೇಕು.

ಎಂಟನೆಯ ಸಲ ಬೆರೆಸಿದ್ದೂ ಸರಿಹೋಗದಿದ್ದರೆ ಅವನ್ನೇ ಕಡಿಯುತ್ತೇನೆ ಎಂದು ಪುಟ್ಟಿ ಅಪ್ಪನಿಗೆ ಹಿಂದಿನ ದಿನವೇ ಹೇಳಿದ್ದಳು. ಅಪ್ಪ ಮೊದಲೇ ಮಾತು ಕಮ್ಮಿಯ ಮನುಷ್ಯ. ಅವು ನಿಮ್ಮಮ್ಮ ಕೈಯಾರೆ ಬಿಟ್ಟ ಗಿಡ ಎಂದಷ್ಟೇ ಹೇಳಿ ಗುಂಡಿಯ ಬೂದಿ ಎತ್ತಲು ಹೋಗಿದ್ದ.

ಬೆಳಿಗ್ಗೆ ಒಂಬತ್ತಕ್ಕೆ ಅವಳು ಬಾಯಿ ಮುಕ್ಕಳಿಸಿ, ಬರಿಹೊಟ್ಟೆಯಲ್ಲಿ ಬೆರೆಸಲು ನಿಂತಳು. ನಡುವಿನದು ಹತ್ತು ಸೌಟು, ಮೊದಲಿನದು ಒಂದು, ಕೊನೆಯದು ಒಂದೂವರೆ. ಬಟ್ಟಲಿಗೆ ಸುರಿದಳು. ಗುಳ್ಳೆಗಳು ಅಂಚಿಗೆ ಹೋಗಿ ನಿಂತವು. ಜಾಡಿ ತೆಗೆದಳು, ಕಾಗದಕ್ಕೆ ಸರಿಯಾಗಿ ತುಂಬಿತ್ತು. ಒಂದು ಗುಟುಕು ಜಾಡಿಯದು, ಒಂದು ಗುಟುಕು ತನ್ನದು. ಮತ್ತೆ ಜಾಡಿಯದು. ಕಣ್ಣು ಮುಚ್ಚಿ ಎಷ್ಟೋ ಹೊತ್ತು ನಿಂತಳು. ಹತ್ತಿರ ಬಂದಿದೆ, ಬಹಳ ಹತ್ತಿರ ಬಂದಿದೆ, ಆದರೆ ಅದಲ್ಲ.

ಸ್ಟೂಲಿನ ಕಡೆಯಿಂದ ಲೊಚ್ಚೆಂದಿತು.

ಸಿಟ್ಟು ಬಂತೋ ಅಳು ಬಂತೋ, ಅವಳಿಗೇ ತಿಳಿಯಲಿಲ್ಲ. ಮೂಲೆಯಲ್ಲಿದ್ದ ಮಚ್ಚು ತೆಗೆದುಕೊಂಡು ಹಿತ್ತಲು ದಾಟಿ ನಡೆದಳು. ಮೊದಲ ಗಿಡದ ಹೂದಂಡಿಗೆ ಕೈ ಹಾಕಿದ್ದಳಷ್ಟೇ, ಅಪ್ಪ ಬೂದಿಗೈಯಲ್ಲೇ ಓಡಿ ಬಂದು ಅಡ್ಡ ನಿಂತ. ಅಪ್ಪ ಓಡಿದ್ದನ್ನು ಅವಳು ಕಂಡು ಹದಿನೈದು ವರ್ಷವಾಗಿತ್ತು.

"ಬಿಡಪ್ಪ," ಎಂದಳು. "ಅಮ್ಮ ಒಪ್ತಿಲ್ಲ. ಎಂಟು ಸಲ ಕೇಳಿದೆ, ಎಂಟು ಸಲಾನೂ ಬೇಡ ಅಂದಳು. ನಿನಗೆ ಗೊತ್ತಿಲ್ಲ, ಆ ಜಾಡಿ ಇಳಿಯೋದೇ ಇಲ್ಲ. ಅವಳೇ ತುಂಬಿಸಿ ತುಂಬಿಸಿ ಇಡ್ತಾಳೆ."

ಅಪ್ಪ ತಲೆ ತಗ್ಗಿಸಿದ. ಬೂದಿ ಮೆತ್ತಿದ ಕೈಗಳನ್ನು ಒಂದಕ್ಕೊಂದು ಉಜ್ಜುತ್ತ ನಿಂತ.

"ಅವಳಲ್ಲ ಪುಟ್ಟಿ. ನಾನು."

ಅವಳಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಪ್ರತಿ ಸಲ ಅವಳು ರುಚಿ ನೋಡಿ ಹೋದ ಮೇಲೆ, ಜಾಡಿ ಎಷ್ಟು ಇಳಿದಿದೆಯೋ ಅಷ್ಟನ್ನು ಅವಳದೇ ಪೀಪಾಯಿಯಿಂದ ತೆಗೆದು ಸೇರಿಸುತ್ತಿದ್ದನಂತೆ. ಮೊದಲನೆಯದರಿಂದ ಒಂದಿಷ್ಟು, ಎರಡನೆಯದರಿಂದ ಒಂದಿಷ್ಟು, ಹೀಗೆ ಏಳರಿಂದಲೂ. ಇವಳು ಬೇಡವೆಂದು ತಳ್ಳಿದ್ದೇ ಜಾಡಿಯೊಳಗೆ ಹೋಗಿ ಕೂತಿತ್ತು, ಇವಳು ಅದನ್ನೇ ಅಮ್ಮ ಎಂದುಕೊಂಡು ಬೆನ್ನು ಹತ್ತಿದ್ದಳು. ಹತ್ತಿರ ಹೋದಾಗಲೆಲ್ಲ ಜಾಡಿಯೇ ಒಂದು ಹೆಜ್ಜೆ ಆಚೆ ಸರಿದಿತ್ತು.

ಮಚ್ಚು ಹಿಡಿದ ಕೈ ತಾನಾಗಿ ಕೆಳಗಿಳಿಯಿತು. ಅಮ್ಮನದನ್ನು ತಾನೇ ಗುಟುಕು ಗುಟುಕಾಗಿ ಕುಡಿದೆ, ಉಳಿದದ್ದು ತನ್ನದರಲ್ಲಿ ಬೆರೆತುಹೋಯಿತು, ಇನ್ನು ಅದು ಎಲ್ಲಿಯೂ ಸಿಗುವುದಿಲ್ಲ ಎಂಬುದು ಮೊದಲು ಹೊಳೆಯಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು, ದನಿ ಏರಿಸದೆ.

"ತಳ ಕಾಣೋದನ್ನ ನೋಡೋಕಾಗಲಿಲ್ಲ," ಎಂದ ಅಪ್ಪ. "ನಿಮ್ಮಮ್ಮನಿಗೂ ಹೀಗೇ ಮಾಡಿದ್ದೆ. ನಮ್ಮಮ್ಮ ಬೆರೆಸಿದ್ದು ಅಂತ ಅವಳೂ ಇದೇ ಜಾಡಿ ಇಟ್ಕೊಂಡು ಒಂದು ವರ್ಷ ಒದ್ದಾಡಿದ್ಲು."

"ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತೋ ಏನೋ. ಒಂದಿನ ಜಾಡೀನ ಕೇಳದೆ ಮುದ್ರೆ ಒತ್ತಿಬಿಟ್ಟಳು."

ಇಬ್ಬರೂ ಒಳಗೆ ಬಂದರು. ಮಚ್ಚನ್ನು ಅವಳು ಮೂಲೆಗೇ ಇಟ್ಟಳು. ಕೋಣೆ ಮೊದಲಿನಂತೆಯೇ ಇತ್ತು: ಸೌಟು, ಬಟ್ಟಲು, ಎಂಟು ಪೀಪಾಯಿ, ಸ್ಟೂಲು. ಅವಳು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಹತ್ತು ತಿಂಗಳಲ್ಲಿ ಆ ಕೋಣೆ ಅಷ್ಟು ಸುಮ್ಮನಿದ್ದದ್ದು ಅವತ್ತೇ ಮೊದಲು, ಅವಳಿಗೆ ಅದನ್ನು ತಡೆಯಲಾಗಲಿಲ್ಲ. ಸದ್ದು ಬಂದಿದ್ದರೆ ಚೆನ್ನಾಗಿತ್ತು. ಬೈದಿದ್ದರೂ ಆಗುತ್ತಿತ್ತು.

ಕೈ ತೊಳೆದು ಬರಲು ಅಪ್ಪನಿಗೆ ಹೇಳಿ, ಸ್ಟೂಲನ್ನು ಅವನ ಮುಂದಕ್ಕೆ ಎಳೆದಳು. ಅವನು ಹಿಂದೆಮುಂದೆ ನೋಡಿ, ಕೊನೆಗೆ ತುದಿಯಲ್ಲಿ ಕೂತ. ಹೆಂಡತಿ ಹೋದ ದಿನದಿಂದ ಅವನು ಒಂದು ತೊಟ್ಟನ್ನೂ ಬಾಯಿಗೆ ಹಾಕಿರಲಿಲ್ಲ. ಅವಳು ಬೆರೆಸಿದ್ದು ಬಿಟ್ಟು ಬೇರೆ ಕುಡಿಯಲಾರೆ ಎಂದು ಹಟ. ನಲವತ್ತು ವರ್ಷ ಅವಳು ಬೆರೆಸಿದ್ದನ್ನೇ ಕುಡಿದ ನಾಲಿಗೆ ಅದು. ಅದನ್ನು ಬಿಟ್ಟರೆ ಅವಳ ರುಚಿ ಬಲ್ಲವರು ಇನ್ನಾರೂ ಉಳಿದಿರಲಿಲ್ಲ.

ಪುಟ್ಟಿ ಜಾಡಿಯನ್ನು ಮುಟ್ಟಲಿಲ್ಲ. ಎಂಟನೆಯದನ್ನು ಬಟ್ಟಲಿಗೆ ಸುರಿದು ಅವನ ಕೈಗೆ ಕೊಟ್ಟಳು.

"ನಿಜ ಹೇಳಬೇಕು," ಎಂದಳು. "ಇದರಲ್ಲಿ ಅಮ್ಮ ಇದ್ದಾಳಾ?"

ಅಪ್ಪ ಗುಟುಕರಿಸಿದ. ನುಂಗದೆ ಬಾಯಲ್ಲೇ ಇಟ್ಟುಕೊಂಡ. ಕಿಟಕಿಯಾಚೆ ಹೂದಂಡುಗಳ ಕಡೆ ನೋಡುತ್ತ, ಅವಳು ಇನ್ನು ಕಾಯಲಾರೆ ಎನ್ನುವಷ್ಟು ಹೊತ್ತು ಹಾಗೇ ಕೂತ. ಆಮೇಲೆ ನುಂಗಿದ. ಕಣ್ಣು ಒದ್ದೆಯಾಗಿತ್ತು.

"ಇಲ್ಲ ಕಣೇ," ಎಂದ. "ಅವಳಿಲ್ಲ."

ಬಟ್ಟಲನ್ನು ಮತ್ತೆ ಅವಳ ಮುಂದೆ ಹಿಡಿದ.

"ಇನ್ನೊಂದು ಸ್ವಲ್ಪ ಹಾಕು."