ಹಳೇ ಫೈಲಿನೊಳಗಿನ ಹೆಬ್ಬೆಟ್ಟು

"ದೂರ ನಿಂತು ಮಾತಾಡೇ, ನಾತ ತಡೆಯೋಕಾಗ್ತಿಲ್ಲ," ಅಂದ ನಗರಸಭೆಯ ಸಾಹೇಬ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಚರಂಡಿಯವನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಒಂದೂವರೆ ವರ್ಷದಿಂದ ಸರಿಯುತ್ತಲೇ ಇದ್ದಾಳೆ, ಪುಣ್ಯಾತ್ಗಿತ್ತಿ. ಗಂಡ ಮೋರಿ ಗುಂಡಿಗಿಳಿದು ಉಸಿರುಕಟ್ಟಿ ಸತ್ತ. ಆವತ್ತು ಕೆಲಸದ ಮೇಲಿದ್ದ ಅಂತ ಒಂದು ಚೀಟಿ ಸಿಕ್ಕರೆ ಅವನ ಕೆಲಸ ಅವಳಿಗೆ, ಇರುವ ಕೋಣೆಯೂ ಉಳಿಯುತ್ತದೆ. ಆ ಬೆಳಿಗ್ಗೆ ಅವನು ಹಾಜರಿ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು.

"ನೋಡಮ್ಮ, ಆ ಹಾಜರಿ, ಮಿಷನ್ ಇಟ್ಟಿದ್ದ ಹಳೇ ಕಂಪನಿ ಫೈಲಲ್ಲಿದೆ," ಗುಮಾಸ್ತ ಬಿಡಿಸಿ ಹೇಳಿದ. "ಅವ್ರ ಸಾಫ್ಟ್‌ವೇರ್ ಇಲ್ದೆ ಅದು ತೆರೆಯಲ್ಲ. ಕಂಪನಿ ಗಂಟುಮೂಟೆ ಕಟ್ತು. ಈಗ ಸರ್ಕಾರದ ಆರ್ಡರ್ ಬಂದಿದೆ, ಎಲ್ಲಾ ದಾಖಲೆ ಮುಕ್ತ ಮಾನಕದಲ್ಲೇ ಇರ್ಬೇಕು. ಅಂದ್ರೆ ಯಾರು ಬೇಕಾದ್ರೂ, ಯಾವ ಕಂಪ್ಯೂಟರಲ್ಲಾದ್ರೂ ತೆಗೀಬೌದು."

"ಹಂಗಾದ್ರೆ ತೆಗೀರಿ."

"ಅದು ಹೊಸವಕ್ಕೆ. ಹಳೇ ದಾಖಲೆ ಆ ಮಾನಕಕ್ಕೆ ಬದಲಾಗ್ದಿದ್ರೆ, ಅದು ಇಲ್ಲ ಅಂತ್ಲೇ ಲೆಕ್ಕ."

"ನನ್ ಗಂಡ ಸತ್ತಿದ್ದೂ ಇಲ್ವಾ?"

ಸಾಹೇಬ ನಕ್ಕ. "ಸತ್ತಿದ್ದಾನೆ ಬಿಡು. ಕೆಲ್ಸದ ಮೇಲೋ, ಗುಂಡಿ ಮುಚ್ಚಳ ಕದಿಯೋಕೆ ಹೋಗಿ ಬಿದ್ನೋ, ಯಾರಿಗ್ಗೊತ್ತು?"

ಅಯ್ಯೋ, ಬೇರೆಯವರ ಹುಲ್ಲುಕಡ್ಡಿ ಮುಟ್ಟಿದವನಲ್ಲ ಅವನು. ಅಷ್ಟರಲ್ಲಿ ಜವಾನ ಒಳಬಂದ. "ಸಾರ್, ಕಕ್ಕಸಿನ ಗುಂಡಿ ಕಟ್ಕೊಂಡಿತ್ತಲ್ಲ, ಆಳು ಇಳಿಸಿದೀವಿ. ಇವಳ ಜೊತೆ ಬಂದು ಹೊರಗೆ ಕೂತಿದ್ನಲ್ಲ ಇವಳ ಮೈದುನ, ಅವನನ್ನೇ."

ಅವಳು ಹಿತ್ತಲಿಗೆ ಓಡಿದಳು. ಮೇಸ್ತ್ರಿ ಹಗ್ಗ ಹಿಡಿದು ಬೀಡಿ ಸೇದುತ್ತಿದ್ದ.

"ಇವನ ಹಾಜರಿ ಎಲ್ಲಿ ಹಾಕ್ದೆಯೋ, ಬೇವರ್ಸಿ?"

"ಹೊಸ ಮಿಷನ್ನು ಸೋಮವಾರದಿಂದ ಕಣಮ್ಮ. ಐದು ನಿಮಿಷದ ಕೆಲ್ಸಕ್ಕೆ ಎಂಥ ಹಾಜರಿ?"

ಗುಂಡಿಗಿಳಿದವರು ಆಗಾಗ ಹಗ್ಗ ಜಗ್ಗುತ್ತಾರೆ. ಜೀವಂತ ಇದ್ದೀವಿ ಅನ್ನಲು ಅದೊಂದೇ ದಾರಿ. ಅವಳು ಹಗ್ಗ ಕಿತ್ತುಕೊಂಡು ಮೇಲಿನಿಂದ ಜಗ್ಗಿದಳು. ಕೆಳಗಿನಿಂದ ತಿರುಗಿ ಎಳೆತ ಬರಲಿಲ್ಲ. ಮತ್ತೆ ಜಗ್ಗಿದಳು.

"ಎಳೀರೋ!"

ಮೇಸ್ತ್ರಿ, ಜವಾನ ಹಗ್ಗಕ್ಕೆ ಕೈಹಾಕಿದರು. ಹಿಂದೆಯೇ ಬಂದ ಸಾಹೇಬ ಬಾಗಿಲಲ್ಲೇ ನಿಂತಿದ್ದ. ಅವಳು ಅವನ ಅಂಗಿ ಹಿಡಿದು ಗುಂಡಿಯ ಬಾಯಿಗೆ ಎಳೆತಂದಳು.

"ಬಿಡೇ, ಪೊಲೀಸರನ್ನ ಕರೀತೀನಿ."

"ಆಮೇಲೆ ಕರಿ. ಮೊದ್ಲು ಎಳಿ." ಅವನ ಎರಡೂ ಕೈ ಹಗ್ಗದ ಮೇಲಿಟ್ಟು ತನ್ನ ಕೈ ಅದರ ಮೇಲೆ ಬಿಗಿದಳು. "ಇವನು ಕೆಲ್ಸದ ಮೇಲಿದ್ದ ಅನ್ನೋಕೆ ನಿನ್ ಕೈಯಾದ್ರೂ ಇರ್ಲಿ."

ಹಗ್ಗ ಭಾರವಾಗಿ ಮೇಲೆ ಬಂತು. ನಡುವೆ ಒಂದು ಸಲವೂ ಕೆಳಗಿನಿಂದ ಯಾರೂ ಜಗ್ಗಲಿಲ್ಲ.