ಗೋಣಿಚೀಲದಡಿಯ ಹಗ್ಗ

ಕಾಮಾಕ್ಷಿಪಾಳ್ಯದಲ್ಲಿ ಬೈರಯ್ಯನ ಪಂಕ್ಚರ್ ಅಂಗಡಿಗೆ ಪುರುಷೋತ್ತಮ ರಾಯರು ಹಳೆಯ ಗಿರಾಕಿ. ೧೯೫೮ರ ಒಂದು ಬೆಳಿಗ್ಗೆ ಅವರು ಕಾರನ್ನು ರಸ್ತೆಯ ಆಚೆ ಬದಿಗೆ, ಚನ್ನಮಲ್ಲಪ್ಪನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದರು.

ಬೈರಯ್ಯ ಕೈಯಲ್ಲಿದ್ದ ಪಂಪನ್ನು ನೆಲಕ್ಕೆ ಕುಕ್ಕಿದ. ಚನ್ನಮಲ್ಲಪ್ಪ ಮಿಲಿಟರಿ ಹರಾಜಿನಲ್ಲಿ ತಂದ ಸಿಲಿಂಡರಿಗೆ ನಲ್ಲಿ, ರಬ್ಬರ್ ಪೈಪು ಜೋಡಿಸಿ, ಕಾಲುಪಂಪಿನಿಂದ ಗಾಳಿ ತುಂಬಿಟ್ಟಿದ್ದ. ಅಂದಿನಿಂದ ಗಿರಾಕಿಗಳೆಲ್ಲ ಆಚೆ ಬದಿಗೇ.

"ಆ ಡಬ್ಬದಲ್ಲಿ ಗಾಳಿ ಬಿಟ್ರೆ ಇನ್ನೇನಿದೆ?" ಎಂದ ಬೈರಯ್ಯ.

"ಕಾಫಿ ಕುಡಿಯೋಕೆ ಹೋಗಿದಾರಾ ಮತ್ತೆ? ಗಾಳಿಗೇ ಹೋಗಿರೋದು," ಎಂದಳು ಹೆಂಡತಿ ಶಿವಕ್ಕ.

ವಿದೇಶದಿಂದ ಬಂದ ಕಾರು. ಟೈರಿನೊಳಗೆ ಟ್ಯೂಬ್ ಇರಲಿಲ್ಲ. ಚನ್ನಮಲ್ಲಪ್ಪ ಚಕ್ರ ಕಳಚಿ, ತೂತು ಮುಚ್ಚಿ ನಲ್ಲಿ ತಿರುಗಿಸಿದ. ಚಪ್ಪಟೆಯಾಗಿ ಬಿದ್ದಿದ್ದ ಟೈರಿನ ಅಂಚು ರಿಮ್ಮಿಗೆ ಅಂಟಿರಲಿಲ್ಲ. ಗಾಳಿಯೆಲ್ಲ ಆ ಸಂದಿಯಿಂದ ಹೊರಗೆ ಹೋಯಿತು. ಸಿಲಿಂಡರ್ ಮತ್ತೆ ತುಂಬಿಸಿದ, ಮತ್ತೆ ಬಿಟ್ಟ. ಅದೇ ಕತೆ. ಬೈರಯ್ಯ ಬೀಡಿ ಹಚ್ಚಿ ನೆಮ್ಮದಿಯಿಂದ ನೋಡಿದ.

ಮಲ್ಲತ್ತಹಳ್ಳಿಯಿಂದ ಬರುತ್ತಿದ್ದ ಹುಲ್ಲಿನ ಗಾಡಿಯೊಂದು ಮುಂದೆ ಹಾದುಹೋಯಿತು. ಹೊರೆಗೆ ಬಿಗಿದ ಹಗ್ಗದಲ್ಲಿ ಕೋಲು ಸಿಕ್ಕಿಸಿ, ಹೊರೆಯನ್ನು ಹಿಂಡುವಂತೆ ತಿರುಚಿದ್ದರು. ಬೈರಯ್ಯ ಬೀಡಿ ಎಸೆದ. ಟೈರನ್ನು ಸುತ್ತಲೂ ಹಾಗೆ ಹಿಂಡಿದರೆ ಅಂಚುಗಳು ಎರಡೂ ಬದಿಗೆ ಸರಿದು ರಿಮ್ಮಿಗೆ ಒತ್ತಿಕೊಳ್ಳುತ್ತವೆ!

ಹಗ್ಗ, ಕೋಲು, ಗೋಣಿಚೀಲ ಹಿಡಿದು ರಸ್ತೆ ದಾಟಿದ. ಶಿವಕ್ಕನೂ ಹಿಂದೆ ಬಂದಳು.

"ನಾನು ಮಾಡ್ತೀನಿ ಸಾರ್. ಎಲ್ಲ ಹಿಂದೆ ಸರೀರಿ."

ಚನ್ನಮಲ್ಲಪ್ಪ ಕಲಿಯಬಾರದೆಂದು ಚಕ್ರಕ್ಕೆ ಗೋಣಿ ಹೊದಿಸಿ, ಅದರಡಿಯಲ್ಲೇ ಹಗ್ಗ ಸುತ್ತಿ ಕೋಲು ತಿರುಚಿದ. ಆಮೇಲೆ ತನ್ನ ಪೆದ್ದತನ ಹೊಳೆಯಿತು: ಕೈ ಬಿಟ್ಟರೆ ಕೋಲು ಬಿಚ್ಚಿಕೊಳ್ಳುತ್ತದೆ. ಒಮ್ಮೆಗೇ ನುಗ್ಗುವಷ್ಟು ಗಾಳಿ ಇದ್ದದ್ದು ಚನ್ನಮಲ್ಲಪ್ಪನ ಸಿಲಿಂಡರಿನಲ್ಲಿ ಮಾತ್ರ.

"ಗಾಳಿ ಬಿಡೋ!"

ಚನ್ನಮಲ್ಲಪ್ಪ ಸಿಲಿಂಡರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಗೋಣಿ ತೆಗಿ ಬೈರಣ್ಣ. ವಾಲ್ವ್ ಕಾಣ್ತಾ ಇಲ್ಲ."

"ಗೋಣಿಯಿಂದ ಆಚೆ ಕಣ್ಣೆದುರಿಗೇ ಇದೆಯಲ್ಲೋ!"

"ನಂಗೆ ದೃಷ್ಟಿ ಸ್ವಲ್ಪ ಮಂದ."

ರಾಯರು ಗಡಿಯಾರ ನೋಡಿದರು. "ಆಗದಿದ್ದರೆ ಹೇಳಿಬಿಡಿ. ರಾಜಾಜಿನಗರದ ಅಂಗಡಿಗೆ ಹೇಳಿ ಕಳಿಸ್ತೀನಿ."

ಬೈರಯ್ಯನ ಕೈಯಲ್ಲಿ ಕೋಲು ಜಾರತೊಡಗಿತು. ಗುಟ್ಟು ಉಳಿಸಿಕೊಂಡರೆ ಗಿರಾಕಿ ಹೋಗುತ್ತಾರೆ. "ತೆಗಿಯೇ ಅದನ್ನ," ಎಂದ ಹೆಂಡತಿಗೆ, ಹಲ್ಲು ಕಚ್ಚಿ.

ಶಿವಕ್ಕ ಗೋಣಿ ಎಳೆದಳು. ಚನ್ನಮಲ್ಲಪ್ಪ ಹಗ್ಗದ ಗಂಟನ್ನು, ಕೋಲಿನ ತಿರುಚನ್ನು ಸಾವಕಾಶವಾಗಿ ನೋಡಿ ನಲ್ಲಿ ತೆರೆದ. ಟಪ್, ಟಪ್ ಎಂದು ಅಂಚುಗಳೆರಡೂ ರಿಮ್ಮಿಗೆ ಕೂತವು. ಬೈರಯ್ಯ ಹಗ್ಗ ಸಡಿಲಿಸಿದ. ಟೈರು ಗಟ್ಟಿಯಾಯಿತು.

ರಾಯರು ನಕ್ಕರು. "ಮುಂದಿನ ಸಲ ಯಾರ ಹತ್ತಿರ ಬರಲಿ?"

"ನನ್ನ ಹತ್ರ," ಎಂದರು ಇಬ್ಬರೂ ಒಟ್ಟಿಗೆ.

ಮಾರನೆಯ ಬೆಳಿಗ್ಗೆ ಚನ್ನಮಲ್ಲಪ್ಪನ ಅಂಗಡಿಯ ಮೊಳೆಯಲ್ಲಿ ಹೊಸ ಹಗ್ಗ ನೇತಾಡುತ್ತಿತ್ತು, ಪಕ್ಕದಲ್ಲಿ ಕೋಲು. ಬೈರಯ್ಯ ಅದನ್ನು ನೋಡಿ ಹೆಂಡತಿಯ ಕಡೆ ತಿರುಗಿದ.

"ಶಿವೂ, ಆ ಸಿಲಿಂಡರಿನ ನಲ್ಲಿ ಯಾವ ಅಳತೇದು ಅಂತ ನೋಡ್ಕೊಂಡ್ಯಾ?"

"ಅರ್ಧ ಇಂಚಿಂದು," ಎಂದಳು ಶಿವಕ್ಕ. "ಪೈಪಿಗೆ ಎರಡು ಕ್ಲಿಪ್ ಹಾಕವ್ನೆ."