ಹದಿನಾರು ಥ್ರೆಡ್, ಒಂದು ಸಹಿ

ನಮ್ಮ ಪರೀಕ್ಷಾ ಕೋಣೆಗೆ ಕಿಟಕಿಯಿಲ್ಲ. ಕಂಪ್ಯೂಟರುಗಳಿಗೆ ಸೆಕೆಯಾಗಬಾರದೆಂದು ಏಸಿ ಇದೆ. ಮನುಷ್ಯರಿಗೆ ಚಳಿಯಾದರೆ ಶಾಲು ಹೊದೆಯಬೇಕಷ್ಟೆ. ಆರು ವರ್ಷದಿಂದ ನಾನು ಶಾಲು ಹೊದ್ದೇ ಕೂತಿದ್ದೇನೆ.

ಕ್ರೇನಿನಂಥವನ್ನು ಕಟ್ಟುವ ಮೊದಲೇ, ಅವು ಭಾರಕ್ಕೆ ಎಷ್ಟು ಬಾಗುತ್ತವೆಂದು ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್ ನಮ್ಮದು. ಲೆಕ್ಕವನ್ನು ಕಂಪ್ಯೂಟರಿನೊಳಗೆ ಏಕಕಾಲಕ್ಕೆ ಓಡುವ ಹದಿನಾರು ಥ್ರೆಡ್‌ಗಳಿಗೆ ಹಂಚಿದರೆ ಎಂಟು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಆ ಭಾಗ ಬರೆದವನು ನನ್ನ ಗಂಡ, ಪರೀಕ್ಷಿಸುವವಳು ನಾನು. ಮ್ಯಾನೇಜರ್ ಕೇಳುವುದು ಸಮಯವೊಂದನ್ನೇ. ಅದಕ್ಕೇ ಅವರಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೇವೆ.

ಇವತ್ತು ವೇಗ ಅಳೆಯಲೆಂದು ಒಬ್ಬ ಗಿರಾಕಿಯ ಕ್ರೇನನ್ನು ಹದಿನಾರು ಥ್ರೆಡ್‌ನಲ್ಲಿ ಎರಡು ಸಲ ಓಡಿಸಿದೆ. ತೋಳು ಒಮ್ಮೆ ನಲವತ್ತೊಂದು ಮಿಲಿಮೀಟರ್ ಬಾಗಿತು, ಇನ್ನೊಮ್ಮೆ ನಲವತ್ತೆಂಟು. ನಿನ್ನೆ ಒಂದೇ ಥ್ರೆಡ್‌ಗೆ ಬಿಟ್ಟುಹೋಗಿದ್ದ ಲೆಕ್ಕ ಅರವತ್ತೆರಡು ಎನ್ನುತ್ತಿತ್ತು. ಐವತ್ತು ದಾಟಿದರೆ ಅಪಾಯ.

ಥ್ರೆಡ್‌ಗಳು ಕೂಡುವ ಕ್ರಮ ಬದಲಾದರೆ ದಶಮಾಂಶದ ಕೊನೆಯ ಅಂಕಿಗಳು ಕೊಂಚ ಅಲುಗಾಡುವುದು ಸಹಜ. ಅಷ್ಟಕ್ಕೇ ದಿನವೂ ಕೆಂಪು ಎಚ್ಚರಿಕೆ ಬಂದು ತಲೆ ಚಿಟ್ಟುಹಿಡಿದು, ಎರಡು ತಿಂಗಳ ಹಿಂದೆ ಉತ್ತರ ಹೋಲಿಸುವ ಪರೀಕ್ಷೆಯನ್ನೇ ಆಫ್ ಮಾಡಿದ್ದೆ. ಪಕ್ಕದಲ್ಲಿ ‘ತಾತ್ಕಾಲಿಕ’ ಎಂದು ಬರೆದು ಮರೆತೂಬಿಟ್ಟಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗಂಡನನ್ನು ಕರೆದೆ. ನೋಡಿ ಬೆವರಿದ.

“ಎರಡು ಥ್ರೆಡ್ ಒಂದೇ ಜಾಗದಲ್ಲಿ ಬರೀತಿವೆ. ಒಂದರ ಲೆಕ್ಕ ಇನ್ನೊಂದು ಅಳಿಸ್ತಿದೆ. ಇವತ್ತೇ ಸರಿ ಮಾಡ್ತೀನಿ ಕಣೇ. ಹೋದ ತಿಂಗಳು ಇದೇ ಗಿರಾಕಿಗೆ ಕಳಿಸಿದ ವರದಿ ಸುದ್ದಿ ಮಾತ್ರ ಎತ್ತಬೇಡ. ಇಬ್ಬರ ಕೆಲಸಾನೂ ಹೋದ್ರೆ ಮನೆ ನಡೆಯೋದು ಹೇಗೆ?”

“ಅದನ್ನ ನಂಬಿಯೇ ಅಲ್ವೇನೋ ಅವರು ಕ್ರೇನ್ ಕಟ್ಟಿರೋದು? ಇವತ್ತು ನಾಲ್ಕಕ್ಕೆ ಮೊದಲ ಸಲ ಭಾರ ಎತ್ತುತ್ತಾರೆ.”



ಅಷ್ಟರಲ್ಲಿ ಗಡಿಯಾರ ಬಂದರು. “ಏನಮ್ಮಾ, ಎಷ್ಟು ನಿಮಿಷ?”

“ನಲವತ್ತು ಸರ್. ಆದ್ರೆ ಉತ್ತರ ತಪ್ಪು.”

“ಉತ್ತರ ಆಮೇಲೆ ನೋಡೋಣ. ವೇಗದ ವರದಿಗೆ ಸಹಿ ಹಾಕಿ.”

ಮೈಯೆಲ್ಲ ಉರಿಯಿತು. “ತಪ್ಪು ಉತ್ತರ ಬೇಗ ಕೊಡೋಕೆ ಕಂಪ್ಯೂಟರ್ ಯಾಕೆ ಸರ್, ನಾನೇ ಸಾಲ್ದಾ?”

ಅವರು ನಗಲಿಲ್ಲ. “ಸಹಿ ಆಗೋವರೆಗೂ ಇಬ್ಬರೂ ಇಲ್ಲೇ ಇರಿ” ಎಂದು ಬಾಗಿಲೆಳೆದುಕೊಂಡು ಹೋದರು.

ಮೂರೂಕಾಲು. ಬಾಯಿ ಮುಚ್ಚಿಕೊಂಡರೆ ಕ್ರೇನಿನ ಕೆಳಗಿನವರ ಜೀವ, ಬಿಟ್ಟರೆ ನಮ್ಮ ಅನ್ನ. ಅತ್ತ ದರಿ, ಇತ್ತ ಪುಲಿ. ಹೆದರಿದ್ದೆ, ಸುಳ್ಳೇಕೆ ಹೇಳಲಿ.

ಹೋದ ತಿಂಗಳ ವರದಿಯಲ್ಲಿ ಗಿರಾಕಿಯ ಎಂಜಿನಿಯರರ ಫೋನ್ ನಂಬರಿತ್ತು, ಕೆಳಗೆ ನನ್ನ ಸಹಿ. ಫೋನ್ ಮಾಡಿದೆ.

“ಭಾರ ಎತ್ತಬೇಡಿ. ನಮ್ಮ ಲೆಕ್ಕ ತಪ್ಪು. ಅದನ್ನ ಹಿಡೀಬೇಕಿದ್ದ ಪರೀಕ್ಷೆ ಆಫ್ ಮಾಡಿದ್ದು ನಾನೇ.”

ಆ ಕಡೆಯಿಂದ ಕೂಗು ಕೇಳಿಸಿತು: “ನಿಲ್ಸಿ! ಎಲ್ರೂ ಈಚೆ ಬನ್ನಿ!” ಮತ್ತೆ ನನಗೆ, ಮೆಲ್ಲಗೆ, “ಇದನ್ನೇ ಬರೆದು ಸಹಿ ಹಾಕಿ ಕಳಿಸ್ತೀರಾ ಮೇಡಂ?”

ಬರೆದೆ. ಸಹಿ ಹಾಕಿದೆ. ಗಂಡ ಕುರ್ಚಿ ಎಳೆದುಕೊಂಡು ಬಂದು ಪೂರ್ತಿ ಓದಿದ. ಒಂದು ಅಕ್ಷರವನ್ನೂ ತಿದ್ದದೆ, ನನ್ನ ಹೆಸರಿನ ಕೆಳಗೆ ತನ್ನದನ್ನೂ ಬರೆದು ಕಳಿಸಿದ.

ಬಾಗಿಲು ತೆರೆಯಿತು. “ಸಹಿ ಆಯ್ತೇನಮ್ಮಾ?”

ನನ್ನ ಗಂಡನೇ ಎದ್ದು ನಿಂತ. “ಇಬ್ಬರದೂ ಆಯ್ತು ಸರ್.”